ಕನಕಾಂಬರಕ್ಕೆ ಕನಕಾಂಬರದ್ದೇ ಬಣ್ಣ ಇರ್ಲಿ ಬುಡಿ

ಹೂವಿನ ಫೋಟೋ ತೆಗೆಯೋರ ಮೇಲೆ ನಂದೊಂದು ತಕರಾರದೆ. ಫೋಟೋ ತೆಗೀಲಿ, ಬ್ಯಾಡ ಅಂದೋರ್ಯಾರು? ತೆಗೆದ ಮೇಲೆ ಸುಮ್ಕಿರದೆ ಮೊಬೈಲಲ್ಲೇ ಕುಂತ್ಕಂಡು ಅದಕ್ಕೆ ಬಣ್ಣ ಬಳಿತರಲ್ಲ, ಅದ್ರ ಮೇಲೆ ಕನ್ರವ್ವ ನನ್ನ ಸಿಟ್ಟು.

ಬೆಳಿಗ್ಗೆ ಎದ್ದು ಮೊಬೈಲ್ ನೋಡಿದ್ರೆ ಶುಭೋದಯದ ಜೊತೇಲಿ ಒಂದು ದಾಸವಾಳ ಬಂದು ಕುಂತಿರ್ತದೆ. ಕೆಂಪು ಅಂದ್ರೆ ಕುಂಕುಮದ ಭರಣಿ ಕವುಚಿದಂಗೆ ಕೆಂಪು. ಎಸಳಿನ ಗೆರೆ ಕಾಣಲ್ಲ, ಅಂಚಿನ ನೆರಿಗೆ ಕಾಣಲ್ಲ. ಅದ್ರ ಹಿಂದೆ ಬರೋ ಚೆಂಡುಹೂವ ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿರ್ತದೆ. ಮಲ್ಲಿಗೆ ನೋಡಿದ್ರೆ ನೀಲಿ ಜಾಸ್ತಿ ಬಿದ್ದ ಪಂಚೆ. ಹತ್ತು ಜನ ಕೈ ಮುಗಿದು "ಸೂಪರ್" ಅಂತರೆ. ನಾನು ಕೇಳೋದು ಒಂದೇ ಮಾತು: ಇದು ಯಾವ ಗಿಡದಲ್ಲಿ ಬಿಟ್ಟ ಹೂವ? ಆ ಗಿಡ ನಮ್ಮ ಸೀಮೇಲಿ ಎಲ್ಲದೆ?

ಫೋಟೋ ತಿದ್ದೋದು ತಪ್ಪಲ್ಲ. ತಿದ್ದಲೇಬೇಕು, ಯಾಕೆ ಅಂತ ಮುಂದೆ ಯೋಳ್ತೀನಿ. ಆದ್ರೆ ತಿದ್ದೋದು ಅಂದ್ರೆ ಫೋಟೋನ ಹೂವಿನ ಹತ್ರಕ್ಕೆ ತರೋದು. ಈಗ ಎಲ್ರೂ ಮಾಡ್ತಿರೋದು ಹೂವನ್ನೇ ದೂರಕ್ಕೆ ಅಟ್ಟೋ ಕ್ಯಾಮೆ.

ನಮ್ಮ ಮಂಡ್ಯ ಸೀಮೆ ಹೆಂಗಸ್ರು ಸೀರೆ ಅಂಗಡಿಗೆ ಹೋದ್ರೆ ಬಣ್ಣನ ಹೆಂಗೆ ಕೇಳ್ತರೆ ನೋಡಿ. ಕನಕಾಂಬರದ ಬಣ್ಣ ಕೊಡಪ್ಪ, ಸಂಪಿಗೆ ಬಣ್ಣ ತೋರ್ಸಪ್ಪ, ಬದನೆಕಾಯಿ ಬಣ್ಣ, ಈರುಳ್ಳಿ ಸಿಪ್ಪೆ ಬಣ್ಣ, ಗಿಣಿ ಹಸಿರು, ಮೆಂತ್ಯದ ಬಣ್ಣ. ಒಂದೊಂದು ಬಣ್ಣವೂ ಹಿತ್ತಲಲ್ಲೋ ಅಡುಗೆಮನೇಲೋ ಇರೋ ಒಂದು ವಸ್ತುವಿನ ಮೇಲೆ ನಿಂತದೆ. ಕನಕಾಂಬರ ಬಣ್ಣ ಅಂದ್ರೆ ಕೆಂಪೂ ಅಲ್ಲ, ಹಳದೀನೂ ಅಲ್ಲ, ಕಿತ್ತಳೆ ಹಣ್ಣಿನ ಬಣ್ಣವೂ ಪೂರ್ತಿ ಅಲ್ಲ. ಅದು ಕನಕಾಂಬರ, ಅಷ್ಟೇ. ಅದ್ರಲ್ಲೂ ಭೇದ ಅವೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯೋರು ಅರ್ಕ ಅಂಬರ, ಅರ್ಕ ಕನಕ ಅಂತ ತಳಿ ಮಾಡಿ ಕೊಟ್ಟವ್ರೆ. ಅದಕ್ಕೂ ಮುಂಚಿನ ದಿಲ್ಲಿ ಕನಕಾಂಬರ ಬ್ಯಾರೆ ಅದೆ. ಬಸ್ ಸ್ಟ್ಯಾಂಡ್ ತಾವ ಹೂವ ಕಟ್ಟೋ ಅಕ್ಕ ಇವತ್ತು ಬಿಡಿಸಿದ್ದು ಯಾವುದು, ನಿನ್ನೇದು ಯಾವುದು ಅಂತ ಬಣ್ಣದಲ್ಲೇ ಯೋಳ್ತಳೆ. ಆ ಕಣ್ಣು ಅವಳ ಅನ್ನ. ನಾವು ಎಲ್ಲವನ್ನೂ ತಿದ್ದಿ ತಿದ್ದಿ ಒಂದೇ ಕೆಂಪು ಮಾಡ್ಬುಟ್ರೆ, ಮುಂದೆ ಹುಟ್ಟೋ ಮಗೀಗೆ ಕನಕಾಂಬರ ಬಣ್ಣ ಅಂದ್ರೆ ಏನು ಅಂತ ಯಾವುದನ್ನ ತೋರ್ಸಿ ಯೋಳೋದು?

ಇನ್ನು, ಮೊಬೈಲಿಗೆ ಹೂವಿನ ಬಣ್ಣ ಯಾಕೆ ಸಿಕ್ಕಲ್ಲ ಅನ್ನೋದು. ಕ್ಯಾಮೆರಾ ಪ್ರಪಂಚದ ಎಲ್ಲ ಬಣ್ಣವನ್ನೂ ಮೂರೇ ಸೇರಲ್ಲಿ ಅಳೀತದೆ: ಕೆಂಪಿನ ಸೇರು, ಹಸಿರಿನ ಸೇರು, ನೀಲಿ ಸೇರು. ಕೆಂಪು ದಾಸವಾಳ, ಕನಕಾಂಬರ ಇಂಥವು ಕೆಂಪನ್ನ ರಾಶಿ ಸುರೀತವೆ, ನೀಲಿ ತೀರಾ ಕಮ್ಮಿ. ಸುತ್ತ ಇರೋ ಎಲೆ ಕಡುಹಸಿರು. ಕ್ಯಾಮೆರಾ ಅದನ್ನ ನೋಡಿ, ಅಯ್ಯೋ ಕತ್ತಲೆ ಅದೆ ಅಂತ ಒಟ್ಟು ಬೆಳಕನ್ನೇ ಏರಿಸ್ತದೆ. ಆಗ ಕೆಂಪಿನ ಸೇರು ತುಂಬಿ ಚೆಲ್ಲೋಯ್ತದೆ. ಸೇರು ತುಂಬಿದ ಮೇಲೆ ಎಷ್ಟು ರಾಗಿ ಸುರಿದ್ರೂ ಲೆಕ್ಕಕ್ಕೆ ಸಿಕ್ಕೋದು ಒಂದೇ ಸೇರು. ಎಸಳಿನ ಈ ಮಗ್ಗುಲಲ್ಲಿ ಒಂದು ಸೇರು ಕೆಂಪು, ಆ ಮಗ್ಗುಲಲ್ಲಿ ಒಂದೂವರೆ ಸೇರು ಇದ್ರೂ ಎರಡೂ ಒಂದೇ ಥರ ಕಾಣ್ತವೆ. ಗೆರೆ, ನೆರಿಗೆ ಮಾಯ ಆಗೋದು ಇದ್ರಿಂದ್ಲೇ. ಕೆಂಪು ನಿಂತೋಗಿ ಹಸಿರಿನ ಸೇರು ಇನ್ನೂ ತುಂಬ್ತಾ ಇದ್ರೆ ಕನಕಾಂಬರ ಹಳದಿ ಕಡೆಗೆ ವಾಲ್ತದೆ. ಚೆಲ್ಲಿದ ರಾಗಿನ ಆಮೇಲೆ ಯಾವ ಆಪಿನಲ್ಲೂ ತುಂಬಕ್ಕಾಗಲ್ಲ. ಅಂಥಾದ್ರ ಮೇಲೆ ಬಣ್ಣ ಇನ್ನೂ ಏರಿಸಿದ್ರೆ? ಇನ್ನೊಂದಿಷ್ಟು ಚೆಲ್ತದೆ, ಅಷ್ಟೇ.

ಬೆಳಕಿನದು ಇನ್ನೊಂದು ಕತೆ. ದೇವರ ಮನೆ ದೀಪದಲ್ಲೂ ನಮ್ಮ ಕಣ್ಣಿಗೆ ಮಲ್ಲಿಗೆ ಬಿಳೀನೇ. ದೀಪದ ಹಳದಿನ ನಮ್ಮ ಮಿದುಳು ತಾನೇ ಲೆಕ್ಕದಿಂದ ಕಳೀತದೆ. ಕ್ಯಾಮೆರಾಕ್ಕೆ ಅಷ್ಟು ಬುದ್ಧಿ ಇಲ್ಲ, ಅದು ಅಂದಾಜು ಕಟ್ತದೆ. ಪರದೆ ತುಂಬ ಚೆಂಡುಹೂವೇ ತುಂಬಿದ್ರೆ, ಬೆಳಕೇ ಹಳದಿ ಇರ್ಬೇಕು ಅಂದ್ಕಂಡು ನೀಲಿ ಸುರಿದು ಸರಿ ಮಾಡಕ್ಕೆ ಹೋಯ್ತದೆ. ಹೂವ ಕಳೆಗುಂದೋಯ್ತದೆ. ಮನೆ ನೆರಳಲ್ಲಿ ತೆಗೆದ್ರೆ ಆಕಾಶದ ನೀಲಿ ಬಂದು ಸೇರ್ಕತದೆ, ಹೊಂಗೆ ಮರದ ಕೆಳಗೆ ತೆಗೆದ್ರೆ ಎಲೆ ಹಸಿರು. ಇದ್ರ ಮೇಲೆ, ಎಷ್ಟೋ ಮೊಬೈಲು ಇದು ಹೂವ ಅಂತ ತಾವೇ ಕಂಡುಹಿಡಿದು, ನಿಮ್ಮನ್ನ ಒಂದು ಮಾತೂ ಕೇಳದೆ ಬಣ್ಣ ಏರಿಸ್ತವೆ. ಅದಕ್ಕೇ ನಾನು ತಿದ್ದಲೇಬೇಕು ಅಂದದ್ದು. ಮೊಬೈಲ್ ಮಾಡಿದ ಎಡವಟ್ಟನ್ನ ತಿದ್ದಿ.

ಶಂಖಪುಷ್ಪ ನೋಡಿ. ಬೇಲಿ ಮೇಲೆ ಕಡುನೀಲಿ, ಫೋಟೋದಲ್ಲಿ ನೇರಳೆ. ರೀಲ್ ಹಾಕೋ ಕ್ಯಾಮೆರಾ ಕಾಲದಿಂದ್ಲೂ ನೀಲಿ ಹೂವಿನ ಗೋಳು ಇದೇ. ಎಷ್ಟೋ ನೀಲಿ ಹೂವು ನಮ್ಮ ಕಣ್ಣಿಗೆ ಹೆಚ್ಚುಕಮ್ಮಿ ಕಾಣದೇ ಇರೋ ಕಡುಗೆಂಪು ಬೆಳಕನ್ನೂ ಎರಚ್ತವೆ. ಕಣ್ಣಿಗೆ ಕಾಣದ್ದು ರೀಲಿಗೆ ಕಂಡು, ನೀಲಿ ಹೋಗಿ ಗುಲಾಬಿ ಛಾಯೆ ಬತ್ತಿತ್ತು. ಈಗಿನ ಕ್ಯಾಮೆರಾದ ಒಳಗೆ ಅದನ್ನ ತಡೆಯಕ್ಕೆ ಗಾಜು ಇಟ್ಟವ್ರೆ, ಆದ್ರೂ ಒಸಿ ನೇರಳೆಗೆ ಜಾರ್ತದೆ. ಇದು ಗೊತ್ತಿಲ್ದೆ ಜನ ಗಿಡದ ಗುಂಪಲ್ಲಿ ಜಗಳ ಆಡ್ತರೆ, ನಂದು ನೀಲಿ ಜಾತಿ ನಿಂದು ನೇರಳೆ ಜಾತಿ ಅಂತ. ಎರಡು ಹೂವ ಒಂದು ತಟ್ಟೇಲಿ ಇಟ್ಟು ನೋಡಿದ್ರೆ ಜಗಳವೇ ಇಲ್ಲ.

"ಹೋಗ್ಲಿ ಬುಡಿ, ಹೂವಿನ ಫೋಟೋ ತಾನೇ, ಯಾರಿಗೇನು ನಷ್ಟ?" ಅಂತರೆ. ನಷ್ಟ ಯಾರಿಗೆ ಅಂತ ಮೂರು ಮಾತಲ್ಲಿ ಯೋಳ್ತೀನಿ ಕೇಳಿ.

ಮೊದಲ್ನೇದು ದುಡ್ಡು. ನೀಲಿ ಗುಲಾಬಿ ಬೀಜ ಅಂತ ಫೋಟೋ ಹಾಕಿ ಮಾರ್ತರೆ. ಫೋಟೋದಲ್ಲಿ ಹೂವ ನವಿಲಿನ ಕತ್ತಿನಂಗೆ ಇರ್ತದೆ. ಗುಲಾಬಿ ಗಿಡದಲ್ಲಿ ಆ ನೀಲಿಗೆ ಬೇಕಾದ ವಸ್ತು ತಾನಾಗಿ ಹುಟ್ಟೋದೇ ಇಲ್ಲ. ಜಪಾನಿನ ಸನ್‌ಟೋರಿ ಅನ್ನೋ ಕಂಪನಿಯೋರು ವರ್ಷಗಟ್ಟಲೆ ಒದ್ದಾಡಿ, ಬ್ಯಾರೆ ಹೂವಿನ ಜೀನ್ ತಂದು ಸೇರಿಸಿ, 2004ರಲ್ಲಿ ನೀಲಿ ಗುಲಾಬಿ ಮಾಡಿದ್ವಿ ಅಂದ್ರು. 2009ರಲ್ಲಿ ಅದು ಮಾರಾಟಕ್ಕೆ ಬಂತು. ಅದೂ ನೋಡಕ್ಕೆ ತಿಳಿ ನೇರಳೇನೇ. ಅಷ್ಟು ದೊಡ್ಡ ಕಂಪನಿ ಕೈಲಿ ಆಗದೇ ಇದ್ದದ್ದು ಪೊಟ್ಟಣದ ಬೀಜದಲ್ಲಿ ಬತ್ತದಾ? ಬೇಕಾದ ಗುಲಾಬಿ ಬೇಕು ಅಂದ್ರೆ ಕಡ್ಡಿ ನೆಡ್ಬೇಕು, ಇಲ್ಲಾ ಕಸಿ ಮಾಡ್ಬೇಕು ಅಂತ ನಮ್ಮ ಅಜ್ಜೀರಿಗೂ ಗೊತ್ತಿತ್ತು. ನಮ್ಮ ಬೀದಿಯೋರೊಬ್ಬರು ಇಂಥ ಬೀಜ ತರಿಸಿ ಕುಂಡಕ್ಕೆ ಹಾಕಿದ್ರು. ಹುಟ್ಟಿದ್ದು ಏನೋ ಕಳೆ. ಮಾರಿದೋನಿಗೆ ಫೋನ್ ಮಾಡಿದ್ರೆ ಎತ್ತಲಿಲ್ಲ. ನವಿಲು ಬಣ್ಣದ ಫೋಟೋ ತೋರ್ಸಿ ತಗಂಡ ದುಡ್ಡು ಅದು. ಬಣ್ಣ ಏರಿಸಿದ ಫೋಟೋನ ನಾವು ದಿನಾ ನೋಡಿ ನೋಡಿ ಒಗ್ಗೋಗಿರೋದ್ರಿಂದ್ಲೇ ಅಂಥೋರ ಆಟ ನಡೀತದೆ.

ಎರಡ್ನೇದು ಬೆಳೆ. ಈಗ ಗಿಡಕ್ಕೆ ಏನಾರ ಆದ್ರೆ ಫೋಟೋ ತೆಗೆದು ಗೊತ್ತಿರೋರಿಗೆ ಕಳಿಸ್ತೀವಿ. ಅವ್ರು ನೋಡೋದು ಬಣ್ಣನೇ. ಹಳೇ ಎಲೆ ಮೊದಲು ಹಳದಿ ಆದ್ರೆ ಸಾರಜನಕ ಕಮ್ಮಿ ಇರ್ಬೋದು. ಚಿಗುರೆಲೆ ಹಳದಿ ಆಗಿ ನರ ಮಾತ್ರ ಹಸಿರು ಉಳಿದ್ರೆ ಕಬ್ಬಿಣದ ಕೊರತೆ ಅಂತ ಅನುಮಾನ ಪಡ್ತರೆ. ಮೊಬೈಲ್ ಎಲೆ ಕಂಡು ಹಸಿರು ಏರಿಸಿ ಕಳಿಸಿದ್ರೆ ಆ ಮಾರಾಯ ಏನು ಯೋಳ್ತನೆ? ಗಿಡ ಚೆಂದಾಗದೆ ಕನಕ್ಕ ಅಂತನೆ. ಕಾಯಿಲೆ ಗಿಡದಲ್ಲಿ, ಆರೋಗ್ಯ ಫೋಟೋದಲ್ಲಿ.

ನಾಲೆ ಬಯಲಿನ ರೈತರಿಗೆ ಬಣ್ಣ ನೋಡೋದು ಹೆಂಗೆ ಅಂತ ಯಾರೂ ಕಲಿಸ್ಬೇಕಾಗಿಲ್ಲ. ಆದ್ರೂ ಭತ್ತದ ಎಲೆ ನೋಡಕ್ಕೆ ಅಂತ ಒಂದು ಪಟ್ಟಿ ಅದೆ, ಫಿಲಿಪ್ಪೀನ್ಸಿನ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯೋರು ಹರಡಿದ್ದು. ಒಂದು ಪ್ಲಾಸ್ಟಿಕ್ ಪಟ್ಟಿ ಮೇಲೆ ತಿಳಿಹಸಿರಿಂದ ಕಡುಹಸಿರಿನ ಗಂಟ ನಾಲ್ಕು ಬಣ್ಣ. ಎಲೆನ ಅದ್ರ ಮೇಲಿಟ್ಟು ಹೋಲಿಸಿ, ಯೂರಿಯಾ ಹಾಕ್ಬೇಕಾ ಬ್ಯಾಡ್ವಾ ಅಂತ ತೀರ್ಮಾನ ಮಾಡೋದು. ಅದಕ್ಕೆ ನಿಯಮ ನೋಡಿ ಎಷ್ಟು ಚೊಕ್ಕ: ಬಿಸಿಲಿಗೆ ಬೆನ್ನು ಕೊಟ್ಟು ನಿಮ್ಮ ಮೈ ನೆರಳಲ್ಲಿ ಎಲೆ ಇಟ್ಗಳಿ, ನೋಡಿದಾಗ್ಲೆಲ್ಲ ಒಂದೇ ಹೊತ್ತಿಗೆ ನೋಡಿ, ನೋಡೋರೂ ಒಬ್ರೇ ಆಗಿರ್ಲಿ. ಒಂದು ಮೂಟೆ ಯೂರಿಯಾ ವಿಷಯಕ್ಕೇ ಇಷ್ಟು ಜೋಪಾನ. ಹೂವಿಗೆ ಇದ್ರಲ್ಲಿ ಅರ್ಧನಾರ ಬ್ಯಾಡ್ವಾ?

ಮೂರ್ನೇದು ನನ್ನ ಹೊಟ್ಟೆ ಉರಿಸಿದ ವಿಷಯ. ನಮ್ಮಣ್ಣನ ಮಗಳ ಮದುವೆ ಮದ್ದೂರಲ್ಲಿ ಆಯ್ತು. ಹುಡ್ಗಿ ಎಣ್ಣೆಗೆಂಪು, ಲಕ್ಷಣವಾದ ಮಗ. ಜಡೆಗೆ ಮಲ್ಲಿಗೆ, ನಡುನಡುವೆ ಕನಕಾಂಬರ, ಮರುಗ ಸೇರ್ಸಿ ಮನೆಯೋರೇ ಕಟ್ಟಿದ್ದು. ಆಲ್ಬಮ್ ಬಂತು. ಮುಖ ಹಾಲು ಸುರಿದಂಗೆ ಬೆಳ್ಳಗದೆ. ನಮ್ಮ ಅತ್ತಿಗೆಯ ತಾಯಿ ಕನ್ನಡಕ ಹಾಕ್ಕಂಡು ನೋಡಿ, "ಇದ್ಯಾರ ಮದ್ವೇದು ಮಗಾ?" ಅಂದ್ರು. ಎಲ್ರೂ ನಕ್ರು. ಹುಡ್ಗಿ ನಗ್ಲಿಲ್ಲ.

ನಾನು ನೋಡಿದ್ದು ಜಡೆ. ಕನಕಾಂಬರ ಅಲ್ಲಿ ಕನಕಾಂಬರ ಆಗಿರ್ಲಿಲ್ಲ. ನೀರಲ್ಲಿ ನೆಂದು ಬಣ್ಣ ಬಿಟ್ಟ ಪಪ್ಪಾಯ ಸಿಪ್ಪೆ ಥರ ಇತ್ತು. ಫೋಟೋ ತೆಗೆದ ಹುಡುಗನ್ನ ಕೇಳ್ದೆ, ಇದ್ಯಾಕಪ್ಪ ಹಿಂಗಾಗದೆ ಅಂತ. ಆವಯ್ಯ ಪಾಪ, ಕಂಪ್ಯೂಟರ್ ತೆಗೆದು ತೋರ್ಸಿದ. ನಮ್ಮ ಮೈಬಣ್ಣ, ಕಪ್ಪಿರ್ಲಿ ಕೆಂಪಿರ್ಲಿ, ಕಂಪ್ಯೂಟರ್ ಲೆಕ್ಕದಲ್ಲಿ ಕಿತ್ತಳೆ ಬಣ್ಣದ ಸಾಲಿಗೇ ಸೇರ್ತದಂತೆ. ಮುಖ ಬೆಳ್ಳಗೆ ಮಾಡಕ್ಕೆ ಆ ಕಿತ್ತಳೆ ಸಾಲನ್ನ ಎತ್ತಿ ಹೊಳಪು ಮಾಡ್ತರೆ. ಕನಕಾಂಬರವೂ ಅದೇ ಸಾಲಲ್ಲಿ ಅದೆಯಲ್ಲ, ಅದೂ ಜೊತೇಲೇ ಬಿಳುಚ್ಕತದೆ.

"ಅವಳು ಬೆಳ್ಳಗೆ ಮಾಡು ಅಂತ ಕೇಳಿದ್ಲಾ?" ಅಂದೆ.

"ಇಲ್ಲ ಆಂಟಿ, ಯಾರೂ ಕೇಳಲ್ಲ, ನಾವೇ ಮಾಡ್ತೀವಿ. ಮಾಡ್ದೇ ಇದ್ರೆ ಬೈತರೆ."

"ಒಂದು ಸಲ ಅದನ್ನ ಹಿಂದಕ್ಕೆ ಎಳಿ ನೋಡವ" ಅಂದೆ. ಎಳೆದ. ಕನಕಾಂಬರ ವಾಪಸ್ ಬಂತು. ಅದ್ರ ಜೊತೇಲೇ ನಮ್ಮ ಹುಡ್ಗೀನೂ ವಾಪಸ್ ಬಂದ್ಲು.

ಆವತ್ತಿಂದ ಯಾರ ಮನೆ ಆಲ್ಬಮ್ ಕೊಟ್ರೂ ನಾನು ಮೊದಲು ನೋಡೋದು ಮುಡಿಯ ಹೂವ. ಹೂವ ಸರಿಯಾಗಿದ್ರೆ ಮುಖವೂ ಸಾಮಾನ್ಯವಾಗಿ ಸರಿ ಇರ್ತದೆ. ಹೂವ ಬಿಳುಚಿದ್ರೆ ಅಲ್ಲಿ ಒಂದು ಹೆಣ್ಣಿನ ಮೈಬಣ್ಣನ ಕೇಳದೆ ತೊಳೆದವ್ರೆ ಅಂತಲೇ ಅರ್ಥ. ಕಪ್ಪಗಿರೋಳು ಚೆಂದ ಇಲ್ಲ ಅಂತ ಬಾಯಲ್ಲಿ ಯೋಳಕ್ಕೆ ನಾಚಿಕೆ ಪಡೋ ಜನ ಅದನ್ನ ಆಲ್ಬಮ್ಮಲ್ಲಿ ಧೈರ್ಯವಾಗಿ ಯೋಳ್ತವ್ರೆ. ಹೂವಿನ ಬಣ್ಣ ಹೆಂಗಿದ್ರೇನು ಅನ್ನೋ ಉದಾಸೀನವೂ ಹುಡ್ಗಿ ಬಣ್ಣ ಹೆಂಗಿದ್ರೆ ಸಾಲದು ಅನ್ನೋ ದುರಾಸೆಯೂ ಒಂದೇ ಬಸಿರಲ್ಲಿ ಹುಟ್ಟಿದ್ದು.

ಈಗ ಎದುರು ವಾದ. ಫೋಟೋ ಅಂದ್ರೆ ಕಲೆ, ಕಲೇಲಿ ಸ್ವಾತಂತ್ರ್ಯ ಇರ್ಬೇಕು ಅಂತರೆ. ಇರ್ಲಿ, ನಾನೇನು ಕಲೆಯ ವೈರಿ ಅಲ್ಲ. ಕೆಆರ್‌ಎಸ್ ಬೃಂದಾವನದಲ್ಲಿ ರಾತ್ರಿ ಬಣ್ಣದ ದೀಪ ಹಾಕ್ತರೆ, ನೀರೆಲ್ಲ ಕೆಂಪಾಯ್ತದೆ, ಹಸಿರಾಯ್ತದೆ. ಅದನ್ನ ನೋಡಿ ಕಾವೇರಿ ನೀರೇ ಕೆಂಪು ಅಂತ ಯಾರೂ ಮನೆಗೆ ಬಂದು ಯೋಳಲ್ಲ. ಅದು ಆಟ ಅಂತ ಆಡೋರಿಗೂ ಗೊತ್ತು, ನೋಡೋರಿಗೂ ಗೊತ್ತು. ನೀವೂ ಹಂಗೇ ಹೂವನ್ನ ನೀಲಿ ಮಾಡಿ, ಹಸಿರು ಮಾಡಿ, ನಾನು ಆಡಿದ ಆಟ ಇದು ಅಂತ ಕೆಳಗೆ ಬರೀರಿ. ನಮ್ಮ ಹಿತ್ತಲಲ್ಲಿ ಇವತ್ತು ಬಿಟ್ಟ ಹೂವ ಅಂತ ಬರೆದು ಮೇಲೆ ಬಣ್ಣ ಬಳಿದ್ರೆ ಅದು ಆಟ ಅಲ್ಲ, ಸುಳ್ಳು ಸಾಕ್ಷಿ.

ಇನ್ನೊಂದು ವಾದ, ಓದಿದೋರದು. ಎಲ್ರ ಕಣ್ಣೂ ಒಂದೇ ಥರ ಇಲ್ಲ, ಎಲ್ಲ ಮೊಬೈಲ್ ಪರದೆಯೂ ಒಂದೇ ಥರ ಇಲ್ಲ, ಹಂಗಿರುವಾಗ ನಿಜವಾದ ಬಣ್ಣ ಅಂದ್ರೆ ಯಾವುದು ಅಂತ. ನಿಜ, ಪರದೆ ತೋರ್ಸಕ್ಕಾಗದೇ ಇರೋ ಬಣ್ಣದ ಹೂವೂ ಅವೆ. ಕಿತ್ತಳೆ, ನೇರಳೆ ಇಂಥ ಉಜ್ವಲ ಬಣ್ಣ ಪತ್ರಿಕೇಲಿ ಅಚ್ಚಾಗುವಾಗ ಇನ್ನೂ ಸೊರಗ್ತವೆ. ಆದ್ರೆ ಪೂರ್ತಿ ಸಿಗಲ್ಲ ಅಂತ ಅಳತೆನೇ ಬುಡಕ್ಕಾಯ್ತದಾ? ಇಂಗ್ಲೆಂಡಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯೋರು 1966ರಲ್ಲಿ ಹೂವಿಗೇ ಅಂತ ಬಣ್ಣದ ಪಟ್ಟಿ ಹೊರತಂದ್ರು. ಬೀಸಣಿಗೆ ಥರ ಬಿಚ್ಕತದೆ, ಈಗ 800ಕ್ಕೂ ಹೆಚ್ಚು ಬಣ್ಣ ಅವೆ, ಒಂದೊಂದು ಬಣ್ಣದ ನಡುವೆಯೂ ತೂತು. ತೂತಿನ ಕೆಳಗೆ ಎಸಳಿಟ್ಟು, ಎಸಳು ಯಾವುದ್ರ ಜೊತೆ ಬೆರೆತೋಯ್ತದೋ ಅದೇ ಅದ್ರ ಬಣ್ಣ, ಅದಕ್ಕೊಂದು ನಂಬರು. ನಮ್ಮ ದೇಶದಲ್ಲೂ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಅಂತ 2001ರದ್ದು ಅದೆ. ಅದ್ರ ಕೆಳಗೆ ಗುಲಾಬಿ, ಸೇವಂತಿಗೆ ಹೊಸ ತಳಿ ನೋಂದಾಯಿಸುವಾಗ ಹೂವಿನ ಬಣ್ಣನ ಇದೇ ಪಟ್ಟಿ ಇಟ್ಟು ಗುರ್ತು ಮಾಡ್ತರೆ. ಸೇವಂತಿಗೆ ಬಣ್ಣ ಒಬ್ಬ ತಳಿಗಾರನ ಹಕ್ಕನ್ನೇ ತೀರ್ಮಾನ ಮಾಡ್ತದೆ ಅಂದ ಮೇಲೆ, ಬಣ್ಣ ಅವರವರ ಕಣ್ಣಿಗೆ ಬುಟ್ಟ ವಿಷಯ ಅನ್ನೋ ಮಾತು ನಿಲ್ಲಲ್ಲ.

ಹಂಗಾರೆ ಮನೇಲಿರೋ ನಾವು ಏನು ಮಾಡೋದು? ದೊಡ್ಡ ಕ್ಯಾಮೆರಾ ಬ್ಯಾಡ. ಬಿಸಿಲು ಏರೋಕೆ ಮುಂಚೆ, ಇಲ್ಲಾ ತೆಳು ಮೋಡ ಇದ್ದಾಗ ತೆಗೀರಿ. ಮರದ ಕೆಳಗೆ ಬ್ಯಾಡ. ಮನೆ ಒಳಗೆ ಆದ್ರೆ ಕಿಟಕಿ ಬೆಳಕು ಒಂದೇ ಸಾಕು, ಟ್ಯೂಬ್‌ಲೈಟ್ ಆರಿಸಿ. ಎರಡು ಬೆಳಕು ಬೆರೆತ್ರೆ ಒಂದು ಮಗ್ಗುಲು ನೀಲಿ ಒಂದು ಮಗ್ಗುಲು ಹಳದಿ ಆಗಿ, ತಿದ್ದಕ್ಕೆ ದಾರಿನೇ ಇರಲ್ಲ. ಕೆಂಪು, ಕನಕಾಂಬರ ಇಂಥ ಹೂವಾದ್ರೆ ಪರದೆ ಮೇಲೆ ಹೂವನ್ನ ಮುಟ್ಟಿ, ಪಕ್ಕದಲ್ಲಿ ಬರೋ ಸೂರ್ಯನ ಗುರ್ತನ್ನ ಒಸಿ ಕೆಳಗೆ ಎಳೀರಿ. ಎಸಳಿನ ಗೆರೆ ಕಾಣೋ ಗಂಟ ಎಳೀರಿ. ಫೋಟೋ ಕಪ್ಪಾದ್ರೆ ಆಮೇಲೆ ಎತ್ತಬೋದು, ಸೇರು ಚೆಲ್ಲಿದ್ರೆ ಎತ್ತಕ್ಕಾಗಲ್ಲ.

ಮೊದಲ್ನೇ ಫೋಟೋದಲ್ಲಿ ಹೂವಿನ ಪಕ್ಕ ಒಂದು ಬಿಳಿ ವಸ್ತು ಇಡಿ, ತಿದ್ದುವಾಗ ಅದು ಬಿಳಿ ಕಾಣಂಗೆ ಮಾಡಿದ್ರೆ ಹೂವಿನ ಬಣ್ಣ ಅರ್ಧ ದಾರಿಗೆ ಬತ್ತದೆ. ಬಟ್ಟೆ ಇಡೋದಾದ್ರೆ ನೀಲಿ ಹಾಕದ ಬಟ್ಟೆ ಇಡಿ. ನೀಲಿ ಹಾಕಿದ ಪಂಚೆ ಕಣ್ಣಿಗೆ ಬಿಳಿ, ಲೆಕ್ಕಕ್ಕೆ ನೀಲಿ. ಅದನ್ನ ನಂಬಿ ತಿದ್ದಿದ್ರೆ ಹೂವ ಹಳದಿಗೆ ತಿರುಗ್ತದೆ. ತೀರಾ ಫಳಫಳ ಅನ್ನೋ ಕಾಗದಕ್ಕೂ ಹೊಳಪಿನ ಮದ್ದು ಹಾಕಿರ್ತರೆ, ಅದೂ ಬ್ಯಾಡ. ಕ್ಯಾಮೆರಾ ಅಂಗಡೀಲಿ ಇದಕ್ಕೇ ಅಂತ ಬೂದು ಬಣ್ಣದ ಕಾರ್ಡ್ ಮಾರ್ತರೆ, ಅದು ಇದ್ರೆ ಇನ್ನೂ ಒಳ್ಳೇದು.

ಮೊಬೈಲ್ ಪರದೆಯ ಬಣ್ಣನ ಢಾಳಾಗಿ ತೋರ್ಸೋದು ಬುಟ್ಟು ಸಹಜ ಅನ್ನೋದಕ್ಕೆ ಬದಲಾಯಿಸ್ಕಳಿ. ರಾತ್ರಿ ಕಣ್ಣಿಗೆ ತಂಪು ಅಂತ ಪರದೆ ಹಳದಿ ಮಾಡ್ತದಲ್ಲ, ತಿದ್ದುವಾಗ ಅದನ್ನ ಆರಿಸಿ. ಮೊದಲು ಬಿಳಿ ಸರಿ ಮಾಡಿ, ಆಮೇಲೆ ಬೆಳಕು, ಅಲ್ಲಿಗೆ ಕೈ ತೆಗೀರಿ. ಬಣ್ಣ ಏರಿಸೋ ಗುಂಡಿನ ಮುಟ್ಟಲೇಬ್ಯಾಡಿ. ಎಲ್ಲಕ್ಕಿಂತ ಮುಖ್ಯ, ತಿದ್ದುವಾಗ ಹೂವ ಕಣ್ಣ ಮುಂದೆ ಇರ್ಲಿ. ಹಗಲು ಹೊತ್ತು, ಕಿಟಕಿ ತಾವ, ಒಂದು ಕೈಲಿ ಮೊಬೈಲು ಒಂದು ಕೈಲಿ ಹೂವ. ಸಂಜೆಗೆ ಬಣ್ಣ ಬದಲಾಯಿಸೋ ಹೂವೂ ಅವೆ. ಬೆಳಿಗ್ಗೆ ಬಿಳಿ ಬಿಟ್ಟು ಸಂಜೆಗೆ ಕೆಂಪಾಗೋ ದಾಸವಾಳದ ಜಾತಿ ಒಂದದೆ. ರಾತ್ರಿ ಮಲಗೋ ಹೊತ್ತಲ್ಲಿ ನೆನಪಿನ ಮೇಲೆ ತಿದ್ದಕ್ಕೆ ಕುಂತ್ರೆ ನಿಮ್ಮ ಆಸೆಗೆ ಬಣ್ಣ ಬತ್ತದೆ, ಹೂವಿಗೆ ಬರಲ್ಲ.

ಮಳವಳ್ಳಿ, ಮದ್ದೂರು, ಮಂಡ್ಯ, ಎಲ್ಲ ಕಡೆಯ ಅಕ್ಕತಂಗೀರಿಗೂ ಒಂದು ಮಾತು. ಮುಂದಿನ ಲಗ್ನಸಾಲು ಬತ್ತಾ ಅದೆ. ಫೋಟೋದೋರಿಗೆ ಅಡ್ವಾನ್ಸ್ ಕೊಡೋ ದಿನವೇ ಬಾಯಿ ಬುಟ್ಟು ಯೋಳಿ: ಬೆಳಕು ಸರಿ ಮಾಡ್ಕಳಪ್ಪ, ಬ್ಯಾಡ ಅನ್ನಲ್ಲ, ಕನಕಾಂಬರದ ಬಣ್ಣ ಮಾತ್ರ ಮುಟ್ಟಬ್ಯಾಡ. ಹುಡ್ಗಿ ಮೈಬಣ್ಣದ ವಿಷಯ ಎತ್ತಕ್ಕೆ ಸಂಕೋಚ ಆದ್ರೆ ಎತ್ತಲೇಬ್ಯಾಡಿ. ಹೂವನ್ನ ಕಾಪಾಡು ಅಂದ್ರೆ ಸಾಕು, ಅವನು ಹುಡ್ಗೀನೂ ಕಾಪಾಡ್ಲೇಬೇಕಾಯ್ತದೆ.